ಟ್ಯಾಂಕರ್ ಸೋರುವ ಮೊದಲೇ ಸೋರಿಸಿ ನೋಡುವುದು: ಎಣ್ಣೆ-ಅನಿಲ ಕೆಲಸದವರಿಗೆ ಸಿಮ್ಯುಲೇಶನ್ ತರಬೇತಿ ಕಟ್ಟುವ ಬಗೆ

ಕಾಸರಗೋಡು ಜಿಲ್ಲೆಯ ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಗಲು ರಾತ್ರಿ ಎನ್ನದೆ ಎಲ್‌ಪಿಜಿ ಬುಲೆಟ್ ಟ್ಯಾಂಕರುಗಳು ಓಡುತ್ತಿರುತ್ತವೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಇಂಥದೇ ಒಂದು ಟ್ಯಾಂಕರ್ ಡಿವೈಡರಿಗೆ ಬಡಿದು ಮಗುಚಿತು. ಸೋರಿದ ಅನಿಲ ಹೊತ್ತಿಕೊಂಡು 20 ಮಂದಿ ಸತ್ತರು. ಇತ್ತ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹುಡುಗರು ಮಂಗಳೂರಿನ ರಿಫೈನರಿಗೆ ಶಟ್‌ಡೌನ್ ಕೆಲಸಕ್ಕೋ ಗಲ್ಫಿನ ಗ್ಯಾಸ್ ಪ್ಲಾಂಟುಗಳಿಗೋ ಹೋಗುವುದು ಹೊಸತೇನಲ್ಲ. ಅವರಿಗೆ ಸಿಗುವ ಸುರಕ್ಷತಾ ತರಗತಿ ಮಾತ್ರ ಹೆಚ್ಚಿನ ಕಡೆ ನಲವತ್ತು ಸ್ಲೈಡು, ಕೊನೆಗೊಂದು ಸಹಿ. ಅಷ್ಟಕ್ಕೇ ಮುಗಿಯಿತು.

ಸೋರಿಕೆಗೂ ಬೆಂಕಿಗೂ ನಡುವೆ ಕೆಲವೊಮ್ಮೆ ಕೆಲವು ನಿಮಿಷ ಸಿಗುತ್ತದೆ. ಆ ನಿಮಿಷಗಳಲ್ಲಿ ಕೈ ಯಾವ ಕಡೆ ಹೋಗುತ್ತದೆ ಎಂಬುದನ್ನು ಸ್ಲೈಡು ಕಲಿಸುವುದಿಲ್ಲ. ನಿಜವಾದ ಅನಿಲ ಬಿಟ್ಟು ಕಲಿಸುವಂತೆಯೂ ಇಲ್ಲ. ಸಿಮ್ಯುಲೇಶನ್, ಅಂದರೆ ನಿಜದಂತೆಯೇ ನಡೆಸಿ ನೋಡುವ ಅಣಕು ಅಭ್ಯಾಸ, ಬೇಕಾಗುವುದು ಅಲ್ಲಿ. ಐಟಿಐ, ಪಾಲಿಟೆಕ್ನಿಕ್ ಬೋಧಕರು, ಗುತ್ತಿಗೆದಾರರ ಸೇಫ್ಟಿ ಆಫೀಸರುಗಳು, ಟ್ಯಾಂಕರ್ ಇಟ್ಟುಕೊಂಡವರು, ಬಾಟ್ಲಿಂಗ್ ಪ್ಲಾಂಟಿನ ಶಿಫ್ಟ್ ಇನ್‌ಚಾರ್ಜುಗಳು ತಮ್ಮ ಮಟ್ಟದಲ್ಲೇ ಇದನ್ನು ಕಟ್ಟಿಕೊಳ್ಳಬಹುದು.

ಮೊದಲು ಒಂದು ವಾಕ್ಯ ಬರೆಯಿರಿ

ಸಿಮ್ಯುಲೇಶನ್ ಎಂದ ಕೂಡಲೇ ಬರುವ ಪ್ರಶ್ನೆ "ವಿಆರ್ ಹೆಡ್‌ಸೆಟ್ ಎಷ್ಟಕ್ಕೆ ಸಿಗುತ್ತದೆ?" ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಕೃತಕ ದೃಶ್ಯ ನೋಡುವ ಸಾಧನ) ಕೊನೆಯ ಮಾತು. ಮೊದಲು ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ: ಯಾರು, ಏನನ್ನು ಕಂಡಾಗ, ಎಷ್ಟು ಹೊತ್ತಿನೊಳಗೆ, ಏನು ಮಾಡಬೇಕು, ಏನು ಮಾಡಬಾರದು.

ಉದಾಹರಣೆಗೆ: "ಅನ್‌ಲೋಡಿಂಗ್ ಬೇಯ (ಟ್ಯಾಂಕರ್ ಖಾಲಿ ಮಾಡುವ ಜಾಗದ) ಆಪರೇಟರು ಹೋಸ್ ಜೋಡಣೆಯಲ್ಲಿ ಬಿಳಿ ಹಬೆ ಕಂಡ 15 ಸೆಕೆಂಡಿನೊಳಗೆ ಎಮರ್ಜೆನ್ಸಿ ಬಟನ್ ಒತ್ತಬೇಕು, ಸ್ಪ್ಯಾನರ್ ಹಿಡಿದು ಹತ್ತಿರ ಹೋಗಬಾರದು." ಇದಕ್ಕೆ ಬೇಕಾದದ್ದು ಒಂದು ಹಳೆ ಹೋಸ್, ಒಂದು ಬಟನ್, ಒಂದು ಸ್ಟಾಪ್‌ವಾಚ್. ಇನ್ನೊಂದು: "ವೆಸೆಲ್ ಒಳಗೆ ಕುಸಿದವನನ್ನು ಎತ್ತಲು ಮ್ಯಾನ್‌ಹೋಲ್ ಬಳಿ ನಿಂತವನು ಒಳಗೆ ಇಳಿಯಬಾರದು, ರೇಡಿಯೋದಲ್ಲಿ ಕರೆದು ಟ್ರೈಪಾಡಿನ ಹಗ್ಗ ಎಳೆಯಬೇಕು." ಬಾವಿಗೆ ಇಳಿದವನು ಮೇಲೆ ಬರಲಿಲ್ಲವೆಂದು ಇನ್ನೊಬ್ಬ ಇಳಿದು ಇಬ್ಬರೂ ಹೋದ ಸುದ್ದಿ ಓದದವರು ನಮ್ಮಲ್ಲಿಲ್ಲ. ಅದೇ ತಪ್ಪು ರಿಫೈನರಿಯಲ್ಲೂ ಆಗುತ್ತದೆ. ಇದಕ್ಕೂ ಹೆಡ್‌ಸೆಟ್ ಬೇಡ. ಎರಡು ಸಿಮೆಂಟ್ ರಿಂಗು, ಒಂದು ಟ್ರೈಪಾಡು, ಗೋಣಿಚೀಲದಲ್ಲಿ ಹೊಯ್ಗೆ ತುಂಬಿ ಮಾಡಿದ 70 ಕೆ.ಜಿ.ಯ ಬೊಂಬೆ ಇದ್ದರೆ ಆಯಿತು.

ಒಂದು ಅಭ್ಯಾಸಕ್ಕೆ ಒಂದೇ ತೀರ್ಮಾನ, ಹೆಚ್ಚೆಂದರೆ ಎರಡು. ಹತ್ತು ತುರುಕಿದರೆ ಕೊನೆಗೆ ಯಾವುದು ತಪ್ಪಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ವಾಕ್ಯಗಳು ಸಿಗುವ ಜಾಗ ನಿಮ್ಮದೇ ನಿಯರ್-ಮಿಸ್ ರಿಜಿಸ್ಟರ್, ಅಂದರೆ ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಬರೆದಿಡುವ ಪುಸ್ತಕ. ಅದು ಖಾಲಿ ಇದ್ದರೆ ಅಪಘಾತ ಇಲ್ಲವೆಂದಲ್ಲ, ಬರೆಯುವವರಿಲ್ಲವೆಂದು. ಆಗ ಹಳೆಯ ದುರಂತಗಳ ವರದಿ ತೆಗೆಯಿರಿ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ಎಣ್ಣೆ-ಅನಿಲ ವೇದಿಕೆಯಲ್ಲಿ 167 ಮಂದಿ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿಟ್ಟ ವಿಷಯ ಶಿಫ್ಟ್ ಬದಲಾದಾಗ ಮುಂದಿನವರಿಗೆ ತಲುಪಿರಲಿಲ್ಲ, ಅವರು ಅದೇ ಪಂಪನ್ನು ಚಾಲೂ ಮಾಡಿದರು. ಶಿಫ್ಟ್ ಹಸ್ತಾಂತರವನ್ನು ಸಿಮ್ಯುಲೇಟ್ ಮಾಡಲು ಎರಡು ಕುರ್ಚಿ, ಎರಡು ವರ್ಕ್ ಪರ್ಮಿಟ್ (ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ಸಾಕು. ಪರ್ಮಿಟ್‌ಗೆ ಒಐಎಸ್‌ಡಿ 105ರ (ಎಣ್ಣೆ ಉದ್ಯಮದ ಸುರಕ್ಷತಾ ನಿರ್ದೇಶನಾಲಯದ ಮಾನದಂಡ) ನಮೂನೆಯನ್ನೇ ಬಳಸಿ.

ಅನಿಲ ಎಲ್ಲಿಗೆ ಹೋಗುತ್ತದೆ: ಲ್ಯಾಪ್‌ಟಾಪಿನಲ್ಲಿ ಮೊದಲ ನೋಟ

ಸೋರಿದ ಅನಿಲ ಎಲ್ಲಿಯವರೆಗೆ ಹರಡುತ್ತದೆಂದು ಲೆಕ್ಕ ಹಾಕುವ ಅಲೋಹ (ALOHA) ಎಂಬ ತಂತ್ರಾಂಶ ಉಚಿತ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮತ್ತು ಸಾಗರ-ಹವಾಮಾನ ಸಂಸ್ಥೆ ನೋವಾ ಕೂಡಿ ಮಾಡಿದ್ದು. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪಟ್ಟಿಯಲ್ಲಿ ಕಾಸರಗೋಡು ಸಿಗದಿದ್ದರೆ ಹೊಸ ಸ್ಥಳವಾಗಿ ಸೇರಿಸಿ: ಅಕ್ಷಾಂಶ 12.5 ಉತ್ತರ, ರೇಖಾಂಶ 75.0 ಪೂರ್ವ. ರಾಸಾಯನಿಕಕ್ಕೆ ಪ್ರೋಪೇನ್ ಆರಿಸಿ. ಎಲ್‌ಪಿಜಿ ಪ್ರೋಪೇನ್-ಬ್ಯುಟೇನ್ ಮಿಶ್ರಣ, ಅಲೋಹಕ್ಕೆ ಅಂಥ ಮಿಶ್ರಣದ ಲೆಕ್ಕ ಬಾರದು. ಪ್ರೋಪೇನ್ ಹೆಚ್ಚು ಬೇಗ ಆವಿಯಾಗುವುದರಿಂದ ಉತ್ತರ ತುಸು ಕಠಿಣ ಬರುತ್ತದೆ, ತರಬೇತಿಗೆ ಅದೇ ಒಳ್ಳೆಯದು. ಮೂಲಕ್ಕೆ ಟ್ಯಾಂಕ್ ಆರಿಸಿ, ಅಡ್ಡ ಸಿಲಿಂಡರ್. 18 ಟನ್ನಿನ ಬುಲೆಟ್ಟಿಗೆ ಒಳ ಗಾತ್ರ ಸುಮಾರು 40 ಘನ ಮೀಟರ್ ಬರುತ್ತದೆ. ಆದರೂ ನಿಮ್ಮ ಟ್ಯಾಂಕರಿನ ಪ್ಲೇಟಿನಲ್ಲಿ ಕೊರೆದ ಅಂಕಿಯನ್ನೇ ಹಾಕಿ. ದ್ರವರೂಪ ಎಂದು ಗುರುತು ಮಾಡುವುದನ್ನು ಮರೆತರೆ ಇಡೀ ಲೆಕ್ಕ ಬುಡಮೇಲು.

ತೂತಿನ ಅಳತೆಯಲ್ಲಿ ಎರಡು ಸಲ ಓಡಿಸಿ: ಗ್ಯಾಸ್ಕೆಟ್ ಸೋರಿಕೆಗೆ 10 ಮಿ.ಮೀ., ಲಿಕ್ವಿಡ್ ಲೈನ್ ಪೂರ್ತಿ ಮುರಿದರೆ 50 ಮಿ.ಮೀ. ತಂತ್ರಾಂಶ ನಂಬುವ ಮೊದಲು ಕೈಲೆಕ್ಕ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. ಒಳಗೆ 8 ಬಾರ್ ಒತ್ತಡವಿದ್ದರೆ 10 ಮಿ.ಮೀ. ತೂತಿನಿಂದ ದ್ರವ ಸೆಕೆಂಡಿಗೆ ಹೆಚ್ಚುಕಡಿಮೆ 1.3 ಕೆ.ಜಿ. ಹೊರಬರುತ್ತದೆ. ನಿಮಿಷಕ್ಕೆ 80 ಕೆ.ಜಿ. ಹತ್ತಿರ, ಅಂದರೆ 14.2 ಕೆ.ಜಿ.ಯ ಐದೂವರೆ ಮನೆ ಸಿಲಿಂಡರು. ತೂತಿನ ವ್ಯಾಸ ಎರಡು ಪಟ್ಟಾದರೆ ಹರಿವು ನಾಲ್ಕು ಪಟ್ಟು. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ 2ರಿಂದ 9.5 ಶೇಕಡದ ನಡುವೆ ಇದ್ದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. "ಐದೂವರೆ ಸಿಲಿಂಡರು" ಎಂದರೆ ಎದುರು ಕುಳಿತ ಡ್ರೈವರಿನ ಕಣ್ಣು ಅಗಲವಾಗುತ್ತದೆ, "1.3 ಕೆ.ಜಿ. ಪ್ರತಿ ಸೆಕೆಂಡಿಗೆ" ಎಂದರೆ ಆಕಳಿಕೆ.

ಗಾಳಿಯ ದಿಕ್ಕನ್ನೂ ಎರಡು ಬಗೆಯಲ್ಲಿ ಹಾಕಿ. ಮಧ್ಯಾಹ್ನ ಕಡಲಿನಿಂದ ಬೀಸುವ ಪಡುಗಾಳಿ, ಸೆಕೆಂಡಿಗೆ 4 ಮೀಟರ್. ನಸುಕಿಗೆ ಗುಡ್ಡೆ ಕಡೆಯಿಂದ ಇಳಿಯುವ ಮೂಡುಗಾಳಿ, 1.5 ಮೀಟರ್, ಮೋಡವಿಲ್ಲದ ಆಕಾಶ. ನಸುಕಿನ ನಕ್ಷೆ ಬಹಳ ಉದ್ದಕ್ಕೆ ಚಾಚುವುದನ್ನು ಎಲ್ಲರೂ ನೋಡಲಿ; ಗಾಳಿ ಬಲವಾಗಿದ್ದಷ್ಟೂ ಅನಿಲ ಬೇಗ ತೆಳುವಾಗುತ್ತದೆ ಎಂಬುದು ಹಾಗೆ ತಲೆಗೆ ಹೋಗುತ್ತದೆ. ಇಲ್ಲಿ ಹೊಸಬರೆಲ್ಲ ಮಾಡುವ ತಪ್ಪೊಂದಿದೆ: ಅಲೋಹ ಕೇಳುವುದು ಗಾಳಿ ಎಲ್ಲಿಂದ ಬರುತ್ತದೆ ಎಂದು. ಎಲ್ಲಿಗೆ ಹೋಗುತ್ತದೆ ಎಂದು ತಿಳಿದು ತುಂಬಿಸಿದರೆ ಜನರನ್ನು ನೇರ ಅನಿಲದ ಮೋಡದೊಳಕ್ಕೇ ಓಡಿಸುವ ನಕ್ಷೆ ಸಿಗುತ್ತದೆ.

ನಕ್ಷೆಯ ಹೊರಗೆರೆ ಹೊತ್ತಿಕೊಳ್ಳುವ ಕನಿಷ್ಠ ಸಾಂದ್ರತೆಯ ಶೇಕಡ 10, ಒಳಗೆರೆ ಶೇಕಡ 60. ಶೇಕಡ 60ರಲ್ಲೇ ಅಲ್ಲಲ್ಲಿ ಬೆಂಕಿ ಹಿಡಿಯುವ ತುಣುಕುಗಳಿರಬಹುದು. ಮೋಡ ಎಂದೂ ಸಮನಾಗಿ ಕಲಸಿಕೊಂಡಿರುವುದಿಲ್ಲ. ಆ ಗೆರೆಯನ್ನು ಬೇಲಿ ಎಂದುಕೊಳ್ಳಬಾರದು.

ಇನ್ನು ಅಲೋಹಕ್ಕೆ ನಮ್ಮ ನೆಲ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಭೂಮಿ ಚಪ್ಪಟೆ. ಇಲ್ಲಿ ಹೆದ್ದಾರಿಯ ಬದಿಗೆ ಕೆಂಪುಕಲ್ಲು ಕಡಿದ ಕೋರೆ, ಕೆಳಗೆ ಬೈಲು, ನಡುವೆ ತೋಡು, ಗುಡ್ಡೆಯ ಮಗ್ಗುಲಲ್ಲಿ ನೀರಿಗಾಗಿ ಕೊರೆದ ಸುರಂಗ. ಎಲ್‌ಪಿಜಿ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೀರಿನಂತೆ ತಗ್ಗು ಹುಡುಕಿ ಹೋಗುತ್ತದೆ. ಕೋರೆಯಲ್ಲಿ, ಬಾವಿಯಲ್ಲಿ, ಮೋರಿಯಲ್ಲಿ ಗಂಟೆಗಟ್ಟಲೆ ನಿಲ್ಲಬಹುದು. ಆದ್ದರಿಂದ ಅಲೋಹದ ನಕ್ಷೆಯ ಮೇಲೆ ಜಾಗದ ತಗ್ಗುಗಳನ್ನೆಲ್ಲ ಕೈಯಿಂದ ನೀಲಿ ಪೆನ್ಸಿಲಿನಲ್ಲಿ ತುಂಬಿಸಿ. ಆ ಕೆಲಸ ಅಲ್ಲಿನವರೇ ಮಾಡಲಿ, ಹೊರಗಿನ ಕನ್ಸಲ್ಟೆಂಟ್ ಬೇಡ. ತೋಡು ಎಲ್ಲಿ ತಿರುಗುತ್ತದೆಂದು ಅವರಿಗೆ ಗೊತ್ತು.

ಅದನ್ನೇ ಕಣ್ಣಾರೆ ತೋರಿಸಬೇಕೆಂದರೆ ಒಂದು ಕಿಲೋ ಡ್ರೈ ಐಸ್ ತಂದು, ಬಯಲಿನಲ್ಲಿ ಮೆಟ್ಟಿಲಿನ ಮೇಲಿಟ್ಟ ಬಕೆಟ್ಟಿನ ಬಿಸಿನೀರಿಗೆ ಹಾಕಿ. ಬಿಳಿ ಹಬೆ ಬಕೆಟ್ಟಿನ ಅಂಚು ದಾಟಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಚರಂಡಿ ಸೇರಿ ಅಲ್ಲೇ ಮಲಗುತ್ತದೆ. ಹಬೆ ಕಾಣದಾದ ಮೇಲೆ ಚರಂಡಿಯೊಳಗೆ ಉರಿವ ಮೇಣದ ಬತ್ತಿಯನ್ನು ಉದ್ದ ಕೋಲಿನ ತುದಿಗೆ ಕಟ್ಟಿ ಇಳಿಸಿ, ನಂದಿಹೋಗುತ್ತದೆ. ಕಾಣದಿದ್ದರೂ ಅನಿಲ ಅಲ್ಲೇ ಇದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಡ್ರೈ ಐಸನ್ನು ಚರ್ಮದ ಕೈಗವಸಿನಲ್ಲೇ ಹಿಡಿಯಬೇಕು, ಮುಚ್ಚಳ ಬಿಗಿದ ಡಬ್ಬದಲ್ಲಿ ಇಡಬಾರದು, ಕೋಣೆಯೊಳಗೆ ಮಾಡಬಾರದು, ಗುಂಡಿಗೆ ಯಾರೂ ಇಳಿಯಬಾರದು. ಅದು ಇಂಗಾಲದ ಡೈಆಕ್ಸೈಡ್, ಉಸಿರು ಕಟ್ಟುತ್ತದೆ. ಪೂಜೆ-ನಾಟಕಗಳಿಗೆ ಬಳಸುವ ಹೊಗೆ ಯಂತ್ರ ಇದಕ್ಕೆ ಆಗದು. ಅದರ ಬಿಸಿ ಹೊಗೆ ಮೇಲಕ್ಕೇರಿ, ಕಲಿಯುವವರಿಗೆ ತಪ್ಪನ್ನೇ ಕಲಿಸುತ್ತದೆ.

ಮೇಜಿನ ಮೇಲಿನ ಅಭ್ಯಾಸ

ಹಣಕ್ಕೆ ಹೋಲಿಸಿದರೆ ಇದರಷ್ಟು ಫಲ ಕೊಡುವುದು ಬೇರೆ ಇಲ್ಲ. ಆರು ಜನ, ಒಂದು ಮೇಜು, 1:5000 ಅಳತೆಯ ನಕ್ಷೆ, ಒಂದು ಗಡಿಯಾರ, ಹತ್ತು ಕಾರ್ಡು. ಪಾತ್ರಗಳು: ಡ್ರೈವರ್, ಮೊದಲು ಬಂದ ಪೊಲೀಸ್, ಅಗ್ನಿಶಾಮಕ ದಳದ ಮುಖ್ಯಸ್ಥ, ಕಂಪನಿಯ ತುರ್ತು ತಂಡ, ಪಂಚಾಯತ್ ಸದಸ್ಯ, ವಿದ್ಯುತ್ ಮಂಡಳಿಯ ಲೈನ್‌ಮ್ಯಾನ್. ಸಾಧ್ಯವಿದ್ದರೆ ನಿಜವಾಗಿ ಆ ಕೆಲಸ ಮಾಡುವವರನ್ನೇ ಕರೆಯಿರಿ. ಕಾರ್ಡುಗಳು ಹೀಗಿರಲಿ:

0ನೇ ನಿಮಿಷ: "ಟ್ಯಾಂಕರ್ ಎಡಕ್ಕೆ ವಾಲಿ ಚರಂಡಿಗೆ ಮಗುಚಿದೆ. ವಾಸನೆ ಇದೆ, ಬೆಂಕಿ ಇಲ್ಲ. ಡ್ರೈವರಿಗೆ ಎಚ್ಚರವಿದೆ, ತಮಿಳು ಮಾತ್ರ ಬರುತ್ತದೆ."
2: "ಹಿಂದೆ ಬಸ್ಸು ಬಂದು ನಿಂತಿದೆ, ಇಂಜಿನ್ ಓಡುತ್ತಿದೆ. ನಾಲ್ವರು ಮೊಬೈಲ್ ಎತ್ತಿ ವೀಡಿಯೋ ಮಾಡುತ್ತ ಇಳಿಯುತ್ತಿದ್ದಾರೆ."
4: "ಕೆಳಗಿನ ತೋಟದ ಮನೆಯಲ್ಲಿ ಬಚ್ಚಲೊಲೆಗೆ ಈಗಷ್ಟೇ ಬೆಂಕಿ ಹಾಕಿದ್ದಾರೆ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ."
7: "ಗಾಳಿ ತಿರುಗಿತು."
9: "ಕರೆಂಟ್ ತೆಗೆಯಲೇ ಎಂದು ಲೈನ್‌ಮ್ಯಾನ್ ಫೋನಿನಲ್ಲಿ ಕೇಳುತ್ತಿದ್ದಾರೆ. ಟ್ರಾನ್ಸ್‌ಫಾರ್ಮರ್ ಟ್ಯಾಂಕರಿನಿಂದ 60 ಮೀಟರ್."

ಒಂಬತ್ತನೇ ನಿಮಿಷದ ಕಾರ್ಡಿಗೆ ಹೆಚ್ಚಿನವರು "ತೆಗೆಯಿರಿ" ಎಂದುಬಿಡುತ್ತಾರೆ. ಮೋಡದೊಳಗಿನ ಸ್ವಿಚ್ ಎತ್ತಿದರೂ ಇಳಿಸಿದರೂ ಕಿಡಿಯೇ. ತೆಗೆಯುವುದಿದ್ದರೆ ದೂರದ ಸಬ್‌ಸ್ಟೇಶನ್ನಿನಿಂದ ಫೀಡರನ್ನೇ ತೆಗೆಸಬೇಕು. ಈ ತಪ್ಪು ಮೇಜಿನ ಮೇಲೆ ಆಗಲಿ ಎಂದೇ ಕಾರ್ಡು ಬರೆದಿರುವುದು. ಆದ್ದರಿಂದ ತಪ್ಪಿದೊಡನೆ ತಡೆಯಬೇಡಿ, ಪರಿಣಾಮ ನಡೆಯಲು ಬಿಡಿ.

ನಕ್ಷೆಯಲ್ಲಿ ಮೂರು ವೃತ್ತ ಮೊದಲೇ ಎಳೆದಿಡಿ: 100, 800, 1600 ಮೀಟರ್. ಸುಡುವ ಅನಿಲಗಳಿಗೆ ಅಮೆರಿಕ-ಕೆನಡಾಗಳ ತುರ್ತು ಕೈಪಿಡಿಯ 115ನೇ ಮಾರ್ಗಸೂಚಿ ಹೇಳುವ ದೂರಗಳು ಇವು. ಸೋರಿಕೆ ಕಂಡ ತಕ್ಷಣ ಸುತ್ತ 100 ಮೀಟರ್ ಖಾಲಿ, ದೊಡ್ಡ ಸೋರಿಕೆಗೆ ಗಾಳಿ ಹೋಗುವ ದಿಕ್ಕಿನಲ್ಲಿ 800, ಟ್ಯಾಂಕರಿಗೆ ಬೆಂಕಿ ತಗುಲಿದ್ದರೆ ಎಲ್ಲ ದಿಕ್ಕಿಗೂ 1600. ಕೊನೆಯದು ಯಾಕೆ ಅಷ್ಟು ದೂರ? ಬೆಂಕಿಯಲ್ಲಿ ಬೆಂದ ಟ್ಯಾಂಕ್ ಸೀಳಿ ಒಳಗಿನ ದ್ರವ ಒಮ್ಮೆಗೇ ಕುದಿದು ಸ್ಫೋಟಿಸುವುದಕ್ಕೆ ಬ್ಲೆವಿ ಎನ್ನುತ್ತಾರೆ. 18 ಟನ್ನಿಗೆ ರೂಢಿಯ ಸೂತ್ರದಂತೆ ಬೆಂಕಿಯುಂಡೆಯ ವ್ಯಾಸ ಸುಮಾರು 150 ಮೀಟರ್, ಉರಿಯುವುದು 12 ಸೆಕೆಂಡು. ಉಳಿದ ದೂರ ಶಾಖಕ್ಕೆ ಮತ್ತು ರಾಕೆಟ್ಟಿನಂತೆ ಹಾರುವ ಟ್ಯಾಂಕಿನ ತುಂಡುಗಳಿಗೆ.

ಕಾಸರಗೋಡಿನಲ್ಲಿ ಭಾಷೆಯನ್ನೂ ಸಿಮ್ಯುಲೇಶನ್ನಿಗೆ ಸೇರಿಸಲೇಬೇಕು. ಡ್ರೈವರ್ ತಮಿಳಿನವನೋ ಹಿಂದಿಯವನೋ, ಕಂಟ್ರೋಲ್ ರೂಮು ಮಲಯಾಳದ್ದು, ತೋಟದ ಮನೆಯವರು ತುಳುವೋ ಕನ್ನಡವೋ ಬ್ಯಾರಿಯೋ. ಇಂಗ್ಲಿಷ್ ಚೆಕ್‌ಲಿಸ್ಟ್ ಹಿಡಿದು ಅಭ್ಯಾಸ ಮಾಡಿದರೆ ಎಲ್ಲ ಸರಾಗ. ನಿಜದಲ್ಲಿ ಮೊದಲ ಮೂರು ನಿಮಿಷ ಯಾರಿಗೆ ಯಾರ ಮಾತೂ ತಿಳಿಯುವುದಿಲ್ಲ. ಡ್ರೈವರಿನ ಪಾತ್ರಕ್ಕೆ ಬೇರೆಯವರ ಭಾಷೆ ಬಾರದವರನ್ನೇ ಕೂರಿಸಿ. ಟ್ಯಾಂಕರಿನ ಕಿತ್ತಳೆ ಫಲಕದಲ್ಲಿನ 1075 ಎಂಬ ಸಂಖ್ಯೆ ಓದಿ ಹೇಳುವುದನ್ನು ಎಲ್ಲರಿಗೂ ರೂಢಿ ಮಾಡಿಸಿ, ಅದು ಎಲ್‌ಪಿಜಿ ಎಂಬುದಕ್ಕೆ ಯಾವ ಭಾಷೆಯೂ ಬೇಡ. 112, 101 ಮತ್ತು ಎಲ್‌ಪಿಜಿ ತುರ್ತು ಸಂಖ್ಯೆ 1906ಕ್ಕೆ ಕರೆ ಮಾಡುವವನು ಹೇಳಬೇಕಾದ ಮೂರು ವಾಕ್ಯಗಳನ್ನು ಕಾರ್ಡಿನಲ್ಲಿ ಬರೆದಿರಲಿ: ಎಲ್ಲಿ, ಏನು, ಗಾಳಿ ಯಾವ ಕಡೆ.

ಉಸಿರಿನ ಲೆಕ್ಕ

ಗಲ್ಫಿಗೆ ಹೋಗುವವರಿಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ ಅಭ್ಯಾಸ ತಪ್ಪದು. ಕೊಳೆತ ಮೊಟ್ಟೆಯ ವಾಸನೆ ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಆಸುಪಾಸಿನಲ್ಲಿ ಮೂಗು ಸತ್ತುಹೋಗಿ ವಾಸನೆಯೇ ಬರುವುದಿಲ್ಲ. ಜೀವಕ್ಕೆ ಅಪಾಯದ ಮಟ್ಟವೂ ಅದೇ 100. ಅದಕ್ಕೆ ಡಿಟೆಕ್ಟರಿನ 10 ಪಿಪಿಎಂ ಅಲಾರಂ ಬಡಿದೊಡನೆ ಹೊರಡಬೇಕು. ಅಭ್ಯಾಸಕ್ಕೆ ನಿಜವಾದ ಅನಿಲ ಬೇಡ. ತರಬೇತುದಾರರು ಡಿಟೆಕ್ಟರಿನ ಆಕಾರದ ರಟ್ಟಿನ ಮೇಲೆ ಅಂಕಿ ಬರೆದು ತೋರಿಸುತ್ತ ಹೋಗಲಿ: 0, 3, 8, 12. ಕಲಿಯುವವನು 8ರಲ್ಲಿ ಏನು ಮಾಡುತ್ತಾನೆ ನೋಡಿ. ಕೆಲಸ ಮುಗಿಸುವ ಆತುರದವನು 12 ಕಂಡರೂ "ಇನ್ನೊಂದು ಬೋಲ್ಟ್" ಎನ್ನುತ್ತಾನೆ.

ಬೆನ್ನಿನ ಎಸ್‌ಸಿಬಿಎ (ಹೊತ್ತೊಯ್ಯುವ ಉಸಿರಾಟದ ಉಪಕರಣ) ಸಿಲಿಂಡರನ್ನು ಹಾಕಿಸಿ ಲೆಕ್ಕ ಮಾಡಿಸಿ. 6 ಲೀಟರ್, 300 ಬಾರ್ ಅಂದರೆ 1800 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟಬಾರದು, ಉಳಿಯಿತು 1500. ನಿಮಿಷಕ್ಕೆ 40 ಲೀಟರ್ ಎಳೆದರೆ 37 ನಿಮಿಷ. ಆದರೆ ಬೊಂಬೆ ಹೊತ್ತು ಏಣಿ ಹತ್ತುವವನು 60 ಎಳೆಯುತ್ತಾನೆ, ಆಗ 25. ಮಾಸ್ಕಿನ ಗಾಜಿಗೆ ಕಪ್ಪು ಕಾಗದ ಅಂಟಿಸಿ ಹಗ್ಗ ಹಿಡಿದು ಹೊರಬರಲು ಹೇಳಿ, ಪ್ರತಿಯೊಬ್ಬನ ನಿಜವಾದ ನಿಮಿಷ ಬರೆದುಕೊಳ್ಳಿ. ಗಡ್ಡವಿದ್ದರೆ ಮಾಸ್ಕ್ ಬಿಗಿಯಾಗಿ ಕೂರುವುದಿಲ್ಲ ಎಂಬುದನ್ನು ಜಗಳವಿಲ್ಲದೆ ಒಪ್ಪಿಸುವ ದಾರಿಯೂ ಇದೇ: ಗೇಜ್ ಇಳಿಯುವ ವೇಗ ಅವರೇ ನೋಡಲಿ.

ಕಂಟ್ರೋಲ್ ರೂಮಿನವರಿಗೆ

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಚಾಲೂ ಮಾಡುವಾಗ ಒಂದು ಟವರಿಗೆ ದ್ರವ ಹೋಗುತ್ತಲೇ ಇತ್ತು, ಹೊರಹೋಗುವ ದಾರಿ ಗಂಟೆಗಟ್ಟಲೆ ಮುಚ್ಚಿತ್ತು. ಲೆವೆಲ್ ಮೀಟರ್ ಮಾತ್ರ ಮಟ್ಟ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ಈ ಒಂದು ಪಾಠಕ್ಕೆ, ಪ್ಲಾಂಟಿನೊಳಗಿನ ಹರಿವನ್ನು ಲೆಕ್ಕ ಹಾಕುವ ಡಿಡಬ್ಲ್ಯೂಸಿಮ್ (DWSIM) ಎಂಬ ಮುಕ್ತ ತಂತ್ರಾಂಶ ಸಾಕು. ಐಐಟಿ ಬಾಂಬೆಯ ಫಾಸಿ ಯೋಜನೆ ಇದನ್ನು ಕಾಲೇಜುಗಳಲ್ಲಿ ಹರಡುತ್ತಿದೆ.

ಅದರಲ್ಲಿ ಪೆಂಗ್-ರಾಬಿನ್ಸನ್ ಎಂಬ ಲೆಕ್ಕದ ಪ್ಯಾಕೇಜ್ ಆರಿಸಿ ಪ್ರೋಪೇನ್, ಬ್ಯುಟೇನ್ ಹಾಕಿ. 10 ಘನ ಮೀಟರಿನ ಒಂದು ವೆಸೆಲ್, ಒಳಗೊಂದು ಹೊರಗೊಂದು ವಾಲ್ವ್, ಒಂದು ಲೆವೆಲ್ ಕಂಟ್ರೋಲರ್ ಜೋಡಿಸಿ ಡೈನಾಮಿಕ್ ಮೋಡ್‌ಗೆ (ಹೊತ್ತು ಸರಿದಂತೆ ಬದಲಾಗುವ ಲೆಕ್ಕಕ್ಕೆ) ಬದಲಿಸಿ. ಒಳಹರಿವು ಗಂಟೆಗೆ 10 ಟನ್, ಹೊರಹರಿವು 8 ಟನ್ನಿಗೆ ಸಿಕ್ಕಿಕೊಳ್ಳುವಂತೆ ಹೊರವಾಲ್ವನ್ನು ಕಟ್ಟಿಹಾಕಿ. ಕಲಿಯುವವರಿಗೆ ಪರದೆ ತೋರಿಸಬೇಡಿ; ತರಬೇತುದಾರರು ಬಿಳಿಹಲಗೆಯಲ್ಲಿ ಅಂಕಿ ಬರೆಯುತ್ತ ಹೋಗಲಿ, ಲೆವೆಲ್ ಮಾತ್ರ ಸದಾ ಶೇಕಡ 50. ಗಂಟೆಗೆ 2 ಟನ್ ಒಳಗೇ ಉಳಿಯುತ್ತದೆ, ಅಂದರೆ 4 ಘನ ಮೀಟರ್. ಅರ್ಧ ತುಂಬಿದ ವೆಸೆಲ್ 75 ನಿಮಿಷದಲ್ಲಿ ಅಂಚಿಗೆ ಬರುತ್ತದೆ. ಐದು ಪಟ್ಟು ವೇಗದಲ್ಲಿ ಓಡಿಸಿದರೆ 15 ನಿಮಿಷ. ಮೀಟರ್ ನಂಬಿ ಕುಳಿತವನು ಯಾರು, ಪೆನ್ಸಿಲ್ ತೆಗೆದು "ಹತ್ತು ಬಂತು, ಎಂಟು ಹೋಯಿತು, ಉಳಿದದ್ದೆಲ್ಲಿ?" ಎಂದು ಕೇಳಿದವನು ಯಾರು ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಲೆಕ್ಕ ಕೇಳಿದವನಿಗೆ ಪಕ್ಕದವರು "ಸುಮ್ಮನಿರು ಮಾರಾಯ" ಅಂದರೋ ಎಂಬುದನ್ನೂ ಗಮನಿಸಿ.

ಹೆಡ್‌ಸೆಟ್ ಯಾವಾಗ

ಎತ್ತರದ ಪ್ಲಾಟ್‌ಫಾರ್ಮು, ಬೆಂಕಿಯ ಪಕ್ಕದ ದಾರಿ, ಮೊದಲ ಸಲ ನೋಡುವ ಪ್ಲಾಂಟಿನ ಪರಿಚಯ: ಇವಕ್ಕೆ ವಿಆರ್ ಒಳ್ಳೆಯದು. ಸ್ಪ್ಯಾನರ್ ತಿರುಗಿಸುವುದು, ಹೋಸ್ ಜೋಡಿಸುವುದು, ವಾಲ್ವಿನ ಬಿಗಿತ ಗುರುತಿಸುವುದಕ್ಕೆ ಆಗದು. ಕೈಗೆ ಭಾರವೇ ತಗಲದಿದ್ದರೆ ಕೈ ಕಲಿಯುವುದಿಲ್ಲ. ಒಂದು ಸರದಿ 10ರಿಂದ 15 ನಿಮಿಷ ಮೀರಬಾರದು, ತಲೆಸುತ್ತು, ವಾಂತಿ ಬರುತ್ತದೆ. ಪರದೆಯೊಳಗೆ ನಡೆಯುವ ಬದಲು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹಾರುವ ವಿಧಾನ ಆರಿಸಿದರೆ ಸುತ್ತು ಕಡಿಮೆ. ಮಳೆಗಾಲದಲ್ಲಿ ಮುಖದ ಫೋಮ್ ಬೆವರು ಕುಡಿದು ಬೂಸಲು ಹಿಡಿಯುತ್ತದೆ, ಒರೆಸಿ ತೊಳೆಯಬಹುದಾದ ಕವಚ ಹಾಕಿ. ಮಾರುವವರು ತೋರಿಸುವ ಪ್ಲಾಂಟು ನಿಮ್ಮದಲ್ಲ ಎಂಬುದು ನೆನಪಿರಲಿ. ಎಮರ್ಜೆನ್ಸಿ ಬಟನ್ ಬಲಕ್ಕಿರುವ ವಿಆರ್‌ನಲ್ಲಿ ಪಳಗಿದವನು, ಎಡಕ್ಕಿರುವ ನಿಜವಾದ ಬೇಯಲ್ಲಿ ಬಲಕ್ಕೇ ಕೈ ಚಾಚುತ್ತಾನೆ.

ಬಯಲಿನಲ್ಲಿ ನಡೆಸುವ ದಿನ

1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಂತೆ ಆವರಣದೊಳಗಿನ ಅಣಕು ಕಾರ್ಯಾಚರಣೆ ಆರು ತಿಂಗಳಿಗೊಮ್ಮೆ, ಹೊರಗಿನದು ವರ್ಷಕ್ಕೊಮ್ಮೆ ಆಗಬೇಕು. ಅದನ್ನು ಜಿಲ್ಲಾಡಳಿತದ ಜೊತೆ ಸೇರಿ ಮಾಡುವುದಾದರೆ ಮೂರು ದಿನ ಮೊದಲೇ ಪಂಚಾಯತ್, ಪೊಲೀಸ್, ಹತ್ತಿರದ ಶಾಲೆ, ಮಸೀದಿ, ದೇವಸ್ಥಾನಗಳಿಗೆ ತಿಳಿಸಿ. ಇಲ್ಲವಾದರೆ ಸೈರನ್ನಿನ ವೀಡಿಯೋ ವಾಟ್ಸಾಪಿನಲ್ಲಿ ಗಲ್ಫ್ ಮುಟ್ಟಿ, ಅಲ್ಲಿಂದ ಗಾಬರಿಯ ಕರೆಗಳು ಹಿಂದೆ ಬರುತ್ತವೆ. ರೇಡಿಯೋದಲ್ಲಿ ಪ್ರತಿ ಸಂದೇಶದ ಮೊದಲು "ಅಭ್ಯಾಸ, ಅಭ್ಯಾಸ" ಎನ್ನಬೇಕು. ನಡುವೆ ನಿಜವಾಗಿ ಯಾರಿಗಾದರೂ ಪೆಟ್ಟಾದರೆ "ನಿಜ, ನಿಜ, ನಿಜ" ಎಂದ ತಕ್ಷಣ ಎಲ್ಲ ನಿಲ್ಲಬೇಕು. ಈ ಎರಡನ್ನೂ ಬೆಳಿಗ್ಗೆಯೇ ಎಲ್ಲರ ಬಾಯಲ್ಲಿ ಹೇಳಿಸಿ.

ಅಭ್ಯಾಸ 20 ನಿಮಿಷದ್ದಾದರೆ ಆಮೇಲಿನ ಮಾತುಕತೆಗೆ 40 ನಿಮಿಷ ಇಡಿ. ಚಹಾ ಕೊಟ್ಟು ಫೋಟೋ ತೆಗೆದು ಕಳಿಸಿದರೆ ಮಾಡಿದ್ದೆಲ್ಲ ದಂಡ. ಮಾತುಕತೆಯಲ್ಲಿ ಮೇಲಧಿಕಾರಿ ಕೊನೆಗೆ ಮಾತಾಡಲಿ; ಮೊದಲು ಮಾತಾಡಿದರೆ ಹೆಲ್ಪರ್ ಬಾಯಿ ಬಿಡುವುದಿಲ್ಲ, ಬಟನ್ ಯಾಕೆ ಒತ್ತಲಿಲ್ಲವೆಂದು ಗೊತ್ತಿರುವವನು ಅವನೊಬ್ಬನೇ. "ಯಾಕೆ ತಪ್ಪಿದೆ?" ಎನ್ನಬೇಡಿ. "ಆಗ ನಿನಗೆ ಏನು ಕಂಡಿತು?" ಎಂದು ಕೇಳಿ. ಎಷ್ಟೋ ಸಲ ಉತ್ತರ "ಹೋದ ಸಲ ಸುಮ್ಮನೆ ಒತ್ತಿದ್ದಕ್ಕೆ ಬೈದರು" ಎಂದಿರುತ್ತದೆ. ಅದಕ್ಕೆ ಇನ್ನೊಂದು ಅಭ್ಯಾಸದಿಂದ ಪರಿಹಾರವಿಲ್ಲ, ಬೈದವರನ್ನು ಕರೆದು ಮಾತಾಡಬೇಕು.

ಬರೆದಿಡಬೇಕಾದದ್ದು ಮೂರೇ ಅಂಕಿ: ಮೊದಲ ಸುಳಿವಿನಿಂದ ಮೊದಲ ಸರಿಯಾದ ಕ್ರಿಯೆಗೆ ಎಷ್ಟು ಸೆಕೆಂಡು, ಮೋಡದೊಳಕ್ಕೆ ಎಷ್ಟು ಜನ ಕಾಲಿಟ್ಟರು, ಎಷ್ಟು ಸಂದೇಶ ಮತ್ತೆ ಕೇಳಬೇಕಾಯಿತು. ಮೂರು ತಿಂಗಳ ನಂತರ ಅದೇ ಜನರಿಗೆ, ಹೇಳದೆ, ಗಾಳಿಯ ದಿಕ್ಕನ್ನೂ ಹೊತ್ತನ್ನೂ ಬದಲಿಸಿ ಅದೇ ಅಭ್ಯಾಸ ಮಾಡಿಸಿ. ಅವೇ ಕಾರ್ಡುಗಳನ್ನು ಮರುಬಳಸಿದರೆ ಅಂಕಿ ಚೆನ್ನಾಗಿ ಬರುತ್ತದೆ, ಆದರೆ ಅದು ಕಾರ್ಡಿನ ಉತ್ತರ ನೆನಪಿದ್ದುದಕ್ಕೆ ಬಂದ ಅಂಕಿ. ಹಾಗಾಗಿ ಪ್ರತಿ ಸಲ ಕನಿಷ್ಠ ನಾಲ್ಕು ಕಾರ್ಡು ಹೊಸದು ಬರೆಯಿರಿ, ಹಳೆಯವನ್ನು ಅಲ್ಲೇ ಹರಿದುಹಾಕಿ.